ಸಂಬಳಕ್ಕೆ ಎಫ್‌ಟಿಬಿ ಕೈ ಹಾಕಿದಾಗ: ಮೊದಲು ಯಾವ ವರ್ಷದ ಬಾಕಿ ಅಂತ ಕೇಳಿ

ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್‌ನವರ ಮೇಲೆ ರೇಗಬೇಡಿ. ಮೊದಲು ಹೇಳಬೇಕಾದ ಮಾತು ಇದೇ. ತೆರಿಗೆ ಬಾಕಿಗಾಗಿ ನಿಮ್ಮ ಸಂಬಳದಿಂದ ದುಡ್ಡು ಹಿಡಿಯಿರಿ ಅಂತ ಕ್ಯಾಲಿಫೋರ್ನಿಯಾ ರಾಜ್ಯದ ತೆರಿಗೆ ಇಲಾಖೆಯಾದ ಎಫ್‌ಟಿಬಿಯಿಂದ ಆದೇಶ ಬಂದ ಮೇಲೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಹಿಡಿಯದಿದ್ದರೆ ಆ ದುಡ್ಡು ಕಂಪನಿಯ ತಲೆಗೆ ಬರುತ್ತದೆ. ಅವರ ಹತ್ತಿರ ಎಷ್ಟು ಗೋಗರೆದರೂ ಒಂದು ಡಾಲರ್ ಉಳಿಯುವುದಿಲ್ಲ, ಆದರೆ ದಿನಗಳು ಮಾತ್ರ ಕಳೆದುಹೋಗುತ್ತವೆ. ನಾನು ಹಾಗೆ ಎರಡು ದಿನ ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಆ ಇಮೇಲ್ ಬಂದದ್ದು 2022ರ ಫೆಬ್ರವರಿಯಲ್ಲಿ. ಆಗ ಫ್ರೀಮಾಂಟ್‌ನಲ್ಲಿದ್ದೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ತೆರೆದಿದ್ದೆ. "ನಿಮಗೆ ಸಂಬಂಧಪಟ್ಟ ಕಾಗದ ಲಗತ್ತಿಸಿದ್ದೇವೆ" ಅಂತ ಒಂದೇ ಸಾಲು, ಕೆಳಗೆ ಸ್ಕ್ಯಾನ್ ಮಾಡಿದ ಪತ್ರ. ಮೇಲೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ ಅಂತ ಹೆಸರು. ಅರ್ನಿಂಗ್ಸ್ ವಿತ್‌ಹೋಲ್ಡಿಂಗ್ ಆರ್ಡರ್ ಫಾರ್ ಟ್ಯಾಕ್ಸಸ್ ಅಂತ ತಲೆಬರಹ, ಅಂದರೆ ತೆರಿಗೆ ಬಾಕಿಗೆ ಸಂಬಳ ಹಿಡಿಯುವ ಆದೇಶ. ಬಾಕಿ 6,112 ಡಾಲರ್. ಎದೆ ಧಸಕ್ ಅಂತು. ಅಲ್ಲಿವರೆಗೆ ನಾನು ಒಂದು ವರ್ಷವೂ ತೆರಿಗೆ ತಪ್ಪಿಸಿದವಳಲ್ಲ ಅಂತಲೇ ನಂಬಿಕೊಂಡಿದ್ದೆ.

ಹೆಸರು ನೋಡಿ ಗೊಂದಲ ಆಗಬೇಡಿ. ಫ್ರಾಂಚೈಸ್ ಅಂದ ತಕ್ಷಣ ಅಂಗಡಿ ವ್ಯಾಪಾರದ ವಿಷಯ ಅನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮಂಥ ಸಂಬಳದವರ ರಾಜ್ಯ ಆದಾಯ ತೆರಿಗೆ ನೋಡಿಕೊಳ್ಳುವವರೂ ಇವರೇ. ಎಲ್ಲರೂ ಎಫ್‌ಟಿಬಿ ಅನ್ನುತ್ತಾರೆ. ಕೇಂದ್ರದ ತೆರಿಗೆ ಇಲಾಖೆ ಐಆರ್‌ಎಸ್ ಬೇರೆ, ಇದು ಬೇರೆ. ಐಆರ್‌ಎಸ್‌ಗೆ ಎಲ್ಲ ಸರಿಯಾಗಿ ಕಟ್ಟಿದ್ದರೂ ಇಲ್ಲಿ ಬಾಕಿ ಇರಬಹುದು. ನನ್ನದು ಆಗಿದ್ದು ಹಾಗೇ.

ಆ ಪತ್ರದಲ್ಲಿ ಏನು ಓದಬೇಕು

ಆದೇಶದ ಪ್ರತಿಯನ್ನು ಕಂಪನಿ ನಿಮಗೆ ಕೊಡಲೇಬೇಕು. ಇಮೇಲ್‌ನಲ್ಲಿ ಬರೀ "ಕಡಿತ ಶುರುವಾಗುತ್ತೆ" ಅಂತ ತಿಳಿಸಿದ್ದರೆ ಪೂರ್ತಿ ಪತ್ರ ಕೇಳಿ ತರಿಸಿಕೊಳ್ಳಿ. ಮೊತ್ತ ನೋಡಿ ಕೈಕಾಲು ತಣ್ಣಗಾಗುವುದು ಸಹಜ. ಆದರೆ ಮೊತ್ತಕ್ಕಿಂತ ಮುಖ್ಯವಾದದ್ದು ಬೇರೆ ಮೂರು ಇವೆ. ಖಾತೆ ಅಥವಾ ಕೇಸಿನ ಸಂಖ್ಯೆ, ಪತ್ರದ ತಾರೀಕು, ಮತ್ತು ಬಾಕಿ ಯಾವ ವರ್ಷದ್ದು ಅನ್ನುವುದು (ಪತ್ರದಲ್ಲಿ ಕಾಣದಿದ್ದರೆ ಫೋನ್ ಮಾಡಿ ಕೇಳಿ).

ಸಾಮಾನ್ಯವಾಗಿ ಆದೇಶ ಕಂಪನಿಗೆ ತಲುಪಿ ಹತ್ತು ದಿನ ಆದ ಮೇಲೆ ಕಡಿತ ಶುರುವಾಗುತ್ತದೆ. ಆ ಹತ್ತು ದಿನ ನಿಮಗೆ ಸಿಕ್ಕಿರುವ ಕಾಲಾವಕಾಶ. ಪೇರೋಲ್‌ಗೆ ಪತ್ರ ಯಾವತ್ತು ತಲುಪಿತು, ನಿಮ್ಮ ಮುಂದಿನ ಸಂಬಳ ಯಾವತ್ತು ತಯಾರಾಗುತ್ತದೆ, ಇವೆರಡನ್ನೂ ಬರೆದಿಟ್ಟುಕೊಳ್ಳಿ. ಜೊತೆಗೆ ಇನ್ನೊಂದು ಕೇಳಿ: ಪೇರೋಲ್ ವಿಭಾಗದ ಫ್ಯಾಕ್ಸ್ ನಂಬರ್. ಈ ಕಾಲದಲ್ಲಿ ಫ್ಯಾಕ್ಸ್ ಯಾಕೆ ಅನ್ನಬೇಡಿ. ಕಡಿತ ನಿಲ್ಲಿಸುವ ಪತ್ರ ಬೇಗ ಹೋಗಬೇಕು ಅಂದರೆ ಅದೇ ದಾರಿ. ಫೋನ್‌ನಲ್ಲಿ ಅಧಿಕಾರಿ ಆ ನಂಬರ್ ಕೇಳಿದಾಗ ನಿಮ್ಮ ಹತ್ತಿರ ಇರಬೇಕು.

ಮೋಸದ ಭಯವಿದ್ದರೆ ಸರಿಯಾದ ಭಯವೇ. ಪತ್ರದಲ್ಲಿರುವ ನಂಬರ್ ಬಿಟ್ಟು, ಎಫ್‌ಟಿಬಿಯ ಸರ್ಕಾರಿ ವೆಬ್‌ಸೈಟ್‌ಗೆ ನೀವೇ ಹೋಗಿ ಅಲ್ಲಿನ ನಂಬರ್ ತೆಗೆದುಕೊಂಡು ಕರೆ ಮಾಡಿ. ಗಿಫ್ಟ್ ಕಾರ್ಡ್ ತಂದು ನಂಬರ್ ಓದಿ ಅಂತ ಯಾರಾದರೂ ಹೇಳಿದರೆ ಅವರು ಎಫ್‌ಟಿಬಿಯವರಲ್ಲ, ಫೋನ್ ಇಟ್ಟುಬಿಡಿ.

ಎಷ್ಟು ಹಿಡಿಯುತ್ತಾರೆ

ನನ್ನ ಆದೇಶದಲ್ಲಿ 25% ಅಂತ ಇತ್ತು. ಯಾವುದರ 25% ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಇಲ್ಲಿ ಬಹಳ ಜನ ಏಟು ತಿನ್ನುತ್ತಾರೆ. ಅದು ಕೈಗೆ ಬರುವ ಸಂಬಳದ ಕಾಲು ಭಾಗ ಅಲ್ಲ. ಡಿಸ್ಪೋಸಬಲ್ ಅರ್ನಿಂಗ್ಸ್ ಅನ್ನುವುದರ ಕಾಲು ಭಾಗ. ಅಂದರೆ ಒಟ್ಟು ಸಂಬಳದಲ್ಲಿ ಕಾನೂನು ಕಡ್ಡಾಯ ಮಾಡಿದ ಕಡಿತ ಮಾತ್ರ ಕಳೆಯುತ್ತಾರೆ. ಕೇಂದ್ರ ತೆರಿಗೆ, ರಾಜ್ಯ ತೆರಿಗೆ, ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್, ಎಸ್‌ಡಿಐ ಅನ್ನುವ ರಾಜ್ಯದ ಅಂಗವೈಕಲ್ಯ ವಿಮೆ. ನಿವೃತ್ತಿ ಉಳಿತಾಯಕ್ಕೆ ನೀವಾಗಿ ಹಾಕುವ 401ಕೆ, ಆರೋಗ್ಯ ವಿಮೆಯ ಕಂತು, ಇವನ್ನು ಕಳೆಯುವುದಿಲ್ಲ.

ನನ್ನ ಪೇಸ್ಟಬ್ (ಸಂಬಳದ ಚೀಟಿ) ತೆಗೆದು ತೋರಿಸುತ್ತೇನೆ. ಎರಡು ವಾರಕ್ಕೆ ಒಟ್ಟು 3,400 ಡಾಲರ್. ಕಡ್ಡಾಯದ ಕಡಿತ ಎಲ್ಲ ಸೇರಿ 907. ಉಳಿದದ್ದು 2,493. ಅದರ 25% ಅಂದರೆ ಸುಮಾರು 623. ಆದರೆ ನನ್ನ 401ಕೆಗೆ 340, ವಿಮೆಗೆ 210 ಹೋಗುತ್ತಿತ್ತು. ಹಾಗಾಗಿ ಮೊದಲು ಕೈಗೆ ಬರುತ್ತಿದ್ದದ್ದು 1,943. ಕಡಿತ ಆದ ಮೇಲೆ 1,320. ಮೂರನೇ ಒಂದು ಭಾಗ ಮಾಯ. ಅದರಲ್ಲಿ ಬಾಡಿಗೆ, ಕಾರಿನ ಕಂತು, ಅರಸೀಕೆರೆಗೆ ಅಮ್ಮನ ಔಷಧಿಗೆ ಕಳಿಸುವುದು ಎಲ್ಲ ಆಗಬೇಕು.

ತಕ್ಷಣಕ್ಕೆ ಮಾಡಬಹುದಾದದ್ದು ಒಂದಿದೆ. ಒಂದೆರಡು ಸಂಬಳದ ಮಟ್ಟಿಗೆ 401ಕೆ ಕಡಿಮೆ ಮಾಡಿ ಅಥವಾ ನಿಲ್ಲಿಸಿ. ಕಂಪನಿ ಸೇರಿಸುವ ಪಾಲು ತಪ್ಪುತ್ತದೆ, ಅದು ನಷ್ಟವೇ. ಆದರೆ ಬಾಡಿಗೆ ಕಟ್ಟಲಾಗದೆ ಕ್ರೆಡಿಟ್ ಕಾರ್ಡ್ ಉಜ್ಜುವುದಕ್ಕಿಂತ ವಾಸಿ.

ಕೆಲಸ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಬಾಕಿಗಾಗಿ ಸಂಬಳ ಹಿಡಿದರು ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. 1968ರ ಕೇಂದ್ರ ಕಾನೂನು ಅದನ್ನು ತಡೆಯುತ್ತದೆ. ಮ್ಯಾನೇಜರ್‌ಗೆ ಹೋಗಿ ವಿವರಣೆ ಕೊಡುವ ಅಗತ್ಯವೂ ಇಲ್ಲ. ಇದು ನೀವು ಮತ್ತು ಎಫ್‌ಟಿಬಿ ನಡುವಿನ ವಿಷಯ. ಪೇರೋಲ್ ಮಧ್ಯದಲ್ಲಿದೆ ಅಷ್ಟೆ.

ಯಾವ ವರ್ಷ, ಯಾಕೆ

ನಾನು ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿದೆ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಏನೇನು ಕೇಳಬೇಕು ಅಂತ ಬರೆದುಕೊಂಡಿದ್ದೆ. ಮೊದಲನೇ ಸಾಲು: ಯಾವ ವರ್ಷ? ಎರಡನೇ ಸಾಲು: ಈ ಲೆಕ್ಕ ನಾನು ಕೊಟ್ಟ ರಿಟರ್ನ್‌ನಿಂದ ಬಂದಿದ್ದಾ, ಇಲ್ಲ ನೀವು ಅಂದಾಜು ಮಾಡಿದ್ದಾ?

ಈ ಎರಡನೇ ಪ್ರಶ್ನೆಯನ್ನು ದಯವಿಟ್ಟು ಮರೆಯಬೇಡಿ. ನನ್ನ ಪಾಲಿಗೆ ಇಡೀ ಕಥೆಯ ತಿರುವು ಅದೇ. ಆ ಕಡೆಯಿಂದ ಬಂದ ಉತ್ತರ: 2018ನೇ ವರ್ಷ, ರಿಟರ್ನ್ ಇಲ್ಲ, ಅಂದಾಜು.

ಆಗ ನೆನಪಾಯಿತು. 2018ರಲ್ಲಿ ಆಗಸ್ಟ್ ಕೊನೆವರೆಗೆ ಸನ್ನಿವೇಲ್‌ನಲ್ಲಿದ್ದೆ. ಆಮೇಲೆ ಅದೇ ಕಂಪನಿಯಲ್ಲಿ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋದೆ. ಮರುವರ್ಷ ಕೇಂದ್ರದ ರಿಟರ್ನ್ ಹಾಕಿದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಲ್ವಾ, ಹಾಗಾಗಿ ರಾಜ್ಯದ ರಿಟರ್ನ್ ಬೇಡ ಅಂದುಕೊಂಡೆ. ಎಂಟು ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ದುಡಿದದ್ದಕ್ಕೆ ಇಲ್ಲಿ ರಿಟರ್ನ್ ಹಾಕಬೇಕಿತ್ತು. ಸಂಬಳದಲ್ಲಿ ತೆರಿಗೆ ಹಿಡಿದಿದ್ದರು, ಮುಗೀತು ಅಂತ ನಾನು ಅಂದುಕೊಂಡೆ. ತಪ್ಪು ನನ್ನದೇ.

ರಿಟರ್ನ್ ಬರದಿದ್ದರೆ ಏನಾಗುತ್ತದೆ? ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕ ಡಬ್ಲ್ಯು-2, ಬೇರೆ ಆದಾಯದ 1099, ಮನೆ ಸಾಲದ ಬಡ್ಡಿ, ಇಂಥ ಕಾಗದಗಳು ರಾಜ್ಯಕ್ಕೆ ತಲುಪುತ್ತವೆ. ಅದನ್ನು ನೋಡಿ ಮೊದಲು ರಿಟರ್ನ್ ಹಾಕಿ ಅಂತ ಪತ್ರ ಬರುತ್ತದೆ. ಉತ್ತರ ಇಲ್ಲದಿದ್ದರೆ ಕೈಲಿರುವ ಕಾಗದದ ಮೇಲೆ ಲೆಕ್ಕ ಕಟ್ಟಿ ನೋಟಿಸ್ ಆಫ್ ಪ್ರಪೋಸ್ಡ್ ಅಸೆಸ್‌ಮೆಂಟ್ ಕಳಿಸುತ್ತಾರೆ. ಅದನ್ನು ಪ್ರಶ್ನಿಸುವುದಕ್ಕೆ 60 ದಿನ. ಅದೂ ದಾಟಿದರೆ ಅಂದಾಜೇ ಬಾಕಿ ಆಗುತ್ತದೆ. ಆಮೇಲೆ ವಸೂಲಿಗೆ ಹೋಗುತ್ತದೆ. ನನ್ನ ಪತ್ರಗಳೆಲ್ಲ ಸನ್ನಿವೇಲ್‌ನ ಹಳೇ ಅಪಾರ್ಟ್‌ಮೆಂಟ್‌ಗೆ ಹೋಗಿದ್ದವು. ವಿಳಾಸ ಬದಲಾಯಿಸಿದ್ದೇನೆ ಅಂತ ನಾನು ಎಫ್‌ಟಿಬಿಗೆ ತಿಳಿಸಿರಲಿಲ್ಲ. 2021ರಲ್ಲಿ ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಬಂದು ಹೊಸ ಕೆಲಸ ಹಿಡಿದೆ. ಕಂಪನಿಗಳು ಪ್ರತಿ ತ್ರೈಮಾಸಿಕ ಯಾರಿಗೆ ಎಷ್ಟು ಸಂಬಳ ಕೊಟ್ಟೆವು ಅಂತ ರಾಜ್ಯದ ಉದ್ಯೋಗ ಇಲಾಖೆಗೆ ಲೆಕ್ಕ ಕೊಡುತ್ತವೆ. ನಾನು ಎಲ್ಲಿ ದುಡಿಯುತ್ತಿದ್ದೇನೆ ಅಂತ ಗೊತ್ತಾಗುವುದು ಕಷ್ಟವಲ್ಲ.

ನಿಮ್ಮ ಉತ್ತರ "ರಿಟರ್ನ್ ಹಾಕಿದ್ದೆ, ದುಡ್ಡು ಕಟ್ಟಿರಲಿಲ್ಲ" ಅಂತ ಇದ್ದರೆ ದಾರಿ ಬೇರೆ. ಅದಕ್ಕೆ ಮುಂದೆ ಬರುತ್ತೇನೆ. "ರಿಟರ್ನ್ ಹಾಕಿಲ್ಲ, ಇದು ಅಂದಾಜು" ಅಂತ ಇದ್ದರೆ, ಕಂತು ಕೇಳುವುದಕ್ಕೆ ಮುಂಚೆ ರಿಟರ್ನ್ ಹಾಕಿ. ಅಂದಾಜಿನ ದುಡ್ಡನ್ನು ಸುಮ್ನೆ ಕಟ್ಟುತ್ತಾ ಹೋಗಬೇಡಿ.

ನಾಲ್ಕು ವರ್ಷ ಹಳೆಯ ರಿಟರ್ನ್ ಹಾಕುವುದು

ಫೋನ್‌ನಲ್ಲಿ ಅಧಿಕಾರಿಗೆ ಸ್ಪಷ್ಟವಾಗಿ ಹೇಳಿದೆ: ಆ ವರ್ಷದ ರಿಟರ್ನ್ ಹಾಕುತ್ತೇನೆ, ಎಷ್ಟು ದಿನ ಕೊಡುತ್ತೀರಿ, ಯಾವ ಫ್ಯಾಕ್ಸ್‌ಗೆ ಕಳಿಸಬೇಕು, ಅಲ್ಲಿವರೆಗೆ ಕಡಿತ ನಿಲ್ಲಿಸಲು ಅಥವಾ ಕಡಿಮೆ ಮಾಡಲು ಆಗುತ್ತಾ. ಕಡಿತ ನಿಲ್ಲಿಸಲಿಲ್ಲ. ಆದರೆ ಫ್ಯಾಕ್ಸ್ ನಂಬರ್, ತಾರೀಕು ಎರಡೂ ಸಿಕ್ಕಿತು. ಮಾತಾಡಿದವರ ಗುರುತಿನ ಸಂಖ್ಯೆ, ಸಮಯ, ಹೇಳಿದ ಮಾತು, ಮೂರನ್ನೂ ಅದೇ ಹಾಳೆಯಲ್ಲಿ ಬರೆದೆ. ಮುಂದಿನ ಸಲ ಬೇರೆಯವರು ಫೋನ್ ತೆಗೆದಾಗ ಆ ಹಾಳೆ ಓದಿದೆ. ಮಾತು ಮತ್ತೆ ಮೊದಲಿನಿಂದ ಶುರುವಾಗಲಿಲ್ಲ.

ಈಗ ಕಾಗದ. ವರ್ಷದ ಮಧ್ಯೆ ರಾಜ್ಯ ಬಿಟ್ಟವರಿಗೆ ಫಾರ್ಮ್ 540ಎನ್‌ಆರ್. ಇದರ ಜೊತೆ ಆ ವರ್ಷದ ಕೇಂದ್ರ ರಿಟರ್ನ್‌ನ ಪೂರ್ತಿ ಪ್ರತಿ ಲಗತ್ತಿಸಬೇಕು. ಅಷ್ಟು ಹಳೆಯ ವರ್ಷ ಇ-ಫೈಲ್‌ಗೆ ಬರಲಿಲ್ಲ, ಕಾಗದದಲ್ಲೇ ಮಾಡಿದೆ. ಆಯಾ ವರ್ಷದ ಫಾರ್ಮನ್ನೇ ತುಂಬಬೇಕು. ಈ ವರ್ಷದ ಫಾರ್ಮ್‌ನಲ್ಲಿ 2018 ಅಂತ ತಿದ್ದಿ ಬರೆದರೆ ನಡೆಯುವುದಿಲ್ಲ. ಹಳೆಯ ಫಾರ್ಮ್‌ಗಳೆಲ್ಲ ಎಫ್‌ಟಿಬಿ ವೆಬ್‌ಸೈಟ್‌ನಲ್ಲಿ ಸಿಗುತ್ತವೆ.

ಹಳೆಯ ಡಬ್ಲ್ಯು-2 ಎಲ್ಲಿ ಹುಡುಕುವುದು? ಐಆರ್‌ಎಸ್ ಖಾತೆಗೆ ಹೋದರೆ ವೇಜ್ ಅಂಡ್ ಇನ್‌ಕಮ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಆ ವರ್ಷದ ಸಂಬಳ, ಆದಾಯದ ಪಟ್ಟಿ, ಉಚಿತವಾಗಿ ಸಿಗುತ್ತದೆ. ನಾನು ಅದನ್ನೇ ತೆಗೆದು ಕೆಲಸ ಮುಗೀತು ಅಂದುಕೊಂಡಿದ್ದೆ. ಅದರಲ್ಲಿ ರಾಜ್ಯದ ಸಂಬಳ ಎಷ್ಟು, ರಾಜ್ಯಕ್ಕೆ ಹಿಡಿದ ತೆರಿಗೆ ಎಷ್ಟು ಅನ್ನುವುದು ಇರಲಿಲ್ಲ. ನಮಗೆ ಬೇಕಾದದ್ದು ಅದೇ, ಡಬ್ಲ್ಯು-2ನ 16 ಮತ್ತು 17ನೇ ಪೆಟ್ಟಿಗೆ. ಕೊನೆಗೆ ಮೂಲ ಡಬ್ಲ್ಯು-2 ಸಿಕ್ಕಿದ್ದು ಮಗನ ಲಸಿಕೆ ಕಾರ್ಡ್ ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಫೈಲಿನಲ್ಲಿ. ಸಿಗದಿದ್ದರೆ ಹಳೆಯ ಕಂಪನಿಯ ಪೇರೋಲ್ ಪೋರ್ಟಲ್ ನೋಡಿ, ಇಲ್ಲವೇ ಆ ವರ್ಷದ ಕೊನೆಯ ಪೇಸ್ಟಬ್ ಹುಡುಕಿ.

540ಎನ್‌ಆರ್ ಲೆಕ್ಕ ನೋಡಿದ ಕೂಡಲೇ ಗಾಬರಿ ಆಗುತ್ತದೆ. ಇಡೀ ವರ್ಷದ ಆದಾಯ ಬರೆಯಿರಿ ಅನ್ನುತ್ತದೆ. ಟೆಕ್ಸಾಸ್‌ದಕ್ಕೂ ತೆರಿಗೆನಾ ಅನಿಸುತ್ತದೆ. ಹಾಗಲ್ಲ. ಇಡೀ ವರ್ಷ ಇಲ್ಲೇ ಇದ್ದಿದ್ದರೆ ಯಾವ ದರ ಬರುತ್ತಿತ್ತು ಅಂತ ಮೊದಲು ನೋಡುತ್ತಾರೆ, ಆ ದರವನ್ನು ಕ್ಯಾಲಿಫೋರ್ನಿಯಾದ ಆದಾಯಕ್ಕೆ ಮಾತ್ರ ಹಚ್ಚುತ್ತಾರೆ.

ನನ್ನ ಅಂದಾಜು ಉಬ್ಬಿದ್ದಕ್ಕೆ ಎರಡು ಕಾರಣ ಇತ್ತು. ಒಂದು, ಇಡೀ ವರ್ಷದ ಸಂಬಳ ಇಲ್ಲಿನದೇ ಅಂತ ಲೆಕ್ಕ ಆಗಿತ್ತು. ಬಿಟ್ಟು ಹೋಗಿದ್ದೇನೆ ಅಂತ ನಾನು ಹೇಳದೇ ಯಾರಿಗೆ ಗೊತ್ತಾಗಬೇಕು? ಆಸ್ಟಿನ್ ಬಾಡಿಗೆ ಕರಾರು, ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್, ಮೊದಲ ಕರೆಂಟ್ ಬಿಲ್, ಇಷ್ಟನ್ನು ಜೊತೆಗೆ ಇಟ್ಟೆ. ಅರಸೀಕೆರೆಯಲ್ಲಿ ನಮ್ಮಪ್ಪ ಕರೆಂಟ್ ಬಿಲ್, ಕಂದಾಯದ ರಸೀದಿ ಎಲ್ಲವನ್ನೂ ಅಡುಗೆಮನೆ ಗೋಡೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಇಪ್ಪತ್ತು ವರ್ಷದ್ದು ತೂಗಾಡುತ್ತಿತ್ತು. ಆ ವಾರ ಆ ತಂತಿ ಬಹಳ ನೆನಪಾಯಿತು.

ಎರಡನೇ ಕಾರಣ, ಷೇರು. ಬೇ ಏರಿಯಾದ ನಮ್ಮವರಲ್ಲಿ ಇದು ಬಹಳ ಜನಕ್ಕೆ ಅನ್ವಯಿಸುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪನಿ ಕೊಡುವ ಆರ್‌ಎಸ್‌ಯು ಷೇರು ನಮ್ಮ ಕೈಗೆ ಬಂದ ದಿನವೇ ಅದರ ಬೆಲೆ ಸಂಬಳದಲ್ಲಿ ಸೇರಿ ಡಬ್ಲ್ಯು-2ಗೆ ಬರುತ್ತದೆ. ಆಮೇಲೆ ಮಾರಿದಾಗ ಬ್ರೋಕರ್ 1099-ಬಿ ಕಳಿಸುತ್ತಾನೆ. ಅದರಲ್ಲಿ ಮಾರಿದ ಮೊತ್ತ ಪೂರ್ತಿ ಇರುತ್ತದೆ, ಕೊಂಡ ಬೆಲೆ ಎಷ್ಟೋ ಸಲ ಸೊನ್ನೆ ಅಥವಾ ಖಾಲಿ. ನಾನು ಆ ವರ್ಷ 21,000 ಡಾಲರ್ ಷೇರು ಮಾರಿದ್ದೆ. ಲಾಭ ಅಂತ ಇದ್ದದ್ದು ಹೆಚ್ಚೂಕಮ್ಮಿ ಏನೂ ಇಲ್ಲ. ಆದರೆ ಕಾಗದದ ಮೇಲೆ 21,000 ಪೂರ್ತಿ ಲಾಭದ ಹಾಗೆ ಕಾಣುತ್ತದೆ. ಕೇಂದ್ರ ರಿಟರ್ನ್‌ನ 8949 ಫಾರ್ಮ್‌ನಲ್ಲಿ ಸರಿಯಾದ ಕೊಂಡ ಬೆಲೆ ತೋರಿಸಿದ್ದೆ, ಅದರ ಪ್ರತಿ ಇಲ್ಲಿಗೂ ಹೋಯಿತು.

ಅದೇ ಷೇರಿನಲ್ಲಿ ನನಗೆ ವಿರುದ್ಧವಾದ ಒಂದು ಅಂಶವೂ ಇತ್ತು. 2017ರ ಡಿಸೆಂಬರ್ ಶುರುವಿನಲ್ಲಿ ಕೊಟ್ಟ ಷೇರು 2018ರ ನವೆಂಬರ್ ಕೊನೆಗೆ ನನ್ನ ಕೈಗೆ ಬಂತು, ಬೆಲೆ 10,000. ಆಗ ನಾನು ಆಸ್ಟಿನ್‌ನಲ್ಲಿದ್ದೆ. ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ ತೆರಿಗೆ ಹಿಡಿದಿರಲಿಲ್ಲ. ಆದರೆ ಷೇರು ಕೊಟ್ಟ ದಿನದಿಂದ ಕೈಗೆ ಬಂದ ದಿನದವರೆಗೆ ಎಲ್ಲಿ ಎಷ್ಟು ದಿನ ದುಡಿದಿರಿ ಅನ್ನುವುದರ ಮೇಲೆ ಪಾಲು ಹಂಚಬೇಕು. ಹನ್ನೆರಡರಲ್ಲಿ ಒಂಬತ್ತು ತಿಂಗಳು ಇಲ್ಲೇ ಕೆಲಸ ಮಾಡಿದ್ದೆ. ಮುಕ್ಕಾಲು ಭಾಗ ಕ್ಯಾಲಿಫೋರ್ನಿಯಾದ ಆದಾಯ. ರಾಜ್ಯ ಬಿಟ್ಟರೂ ಆ ಬಾಲ ಹಿಂದೆ ಬರುತ್ತದೆ. ಆಸ್ಟಿನ್‌ಗೋ ಸಿಯಾಟಲ್‌ಗೋ ಹೊರಟವರು ಇದನ್ನು ನೆನಪಿಟ್ಟುಕೊಳ್ಳಬೇಕು. ಇದನ್ನು ಮುಚ್ಚಿಡಬೇಡಿ, ಪ್ರಾಮಾಣಿಕವಾಗಿ ಸೇರಿಸಿ. ಮತ್ತೊಂದು ನೋಟಿಸ್ ಬರಬಾರದು ಅಂದರೆ ಅದೊಂದೇ ದಾರಿ.

ಲೆಕ್ಕ ಮುಗಿದಾಗ: ಅಂದಾಜಿನಲ್ಲಿ ಮೂಲ ತೆರಿಗೆ ಬಾಕಿ 4,120 ಇತ್ತು. ನಿಜವಾದ ಬಾಕಿ 640. ತಡವಾಗಿ ಹಾಕಿದ್ದಕ್ಕೆ ದಂಡ ತಿಂಗಳಿಗೆ 5%, ಗರಿಷ್ಠ 25%. ಅದೂ 1,030ರಿಂದ 160ಕ್ಕೆ ಇಳಿಯಿತು. ಬಡ್ಡಿ ಅದರಂತೆ ಕಡಿಮೆ ಆಯಿತು. ವಸೂಲಿ ಶುಲ್ಕ, ರಿಟರ್ನ್ ಹಾಕಿಸಿದ್ದಕ್ಕೆ ಶುಲ್ಕ, ಎರಡೂ ಸೇರಿ ನಾನೂರರ ಹತ್ತಿರ, ಅದು ಹಾಗೇ ಉಳಿಯಿತು. ಒಟ್ಟು 1,275. ಮೊದಲಿನ 6,112ರ ಮುಂದೆ ಇದು.

ಸಹಿ ಮಾಡಿದ ರಿಟರ್ನ್, ಮೇಲೊಂದು ಅರ್ಧ ಪುಟದ ಪತ್ರ, ಅದರಲ್ಲಿ ಕೇಸಿನ ಸಂಖ್ಯೆ, "ಇದು ನಿಮ್ಮ ಅಂದಾಜಿಗೆ ಬದಲಾಗಿ ಹಾಕುತ್ತಿರುವ ನಿಜವಾದ ರಿಟರ್ನ್" ಅನ್ನುವ ಒಂದು ವಾಕ್ಯ. ಫ್ಯಾಕ್ಸ್ ಮಾಡಿದೆ, ಫ್ಯಾಕ್ಸ್ ಹೋದ ರಸೀದಿ ಇಟ್ಟುಕೊಂಡೆ. ಇನ್ನೊಂದು ಪ್ರತಿ ಸರ್ಟಿಫೈಡ್ ಮೇಲ್‌ನಲ್ಲಿ ಸ್ಯಾಕ್ರಮೆಂಟೊದ ಎಫ್‌ಟಿಬಿ ಕಚೇರಿಗೆ. ಅಷ್ಟರಲ್ಲಿ ಒಂದು ಸಂಬಳದಿಂದ 623 ಹೋಗಿತ್ತು. ಅದು ಕಳೆದುಹೋಗಲಿಲ್ಲ, ಬಾಕಿಗೇ ಜಮಾ ಆಯಿತು. ಉಳಿದ ಸುಮಾರು 652 ಎಫ್‌ಟಿಬಿ ವೆಬ್‌ಸೈಟ್‌ನ ವೆಬ್ ಪೇ ಮೂಲಕ ಬ್ಯಾಂಕ್ ಖಾತೆಯಿಂದ ಕಟ್ಟಿದೆ. ಮತ್ತೆ ಫೋನ್ ಮಾಡಿ, ಪೇರೋಲ್‌ನ ಫ್ಯಾಕ್ಸ್ ನಂಬರ್ ಓದಿ ಹೇಳಿ, ಬಿಡುಗಡೆ ಪತ್ರ ಕಳಿಸಿ ಅಂದೆ. ಎರಡನೇ ಸಂಬಳ ಪೂರ್ತಿ ಬಂತು.

ಹೆಚ್ಚಿಗೆ ಹಿಡಿದುಬಿಟ್ಟಿದ್ದರೆ ವಾಪಸ್ ಕೇಳಬಹುದು. ಆದರೆ ಅದಕ್ಕೆ ಗಡುವು ಇದೆ: ಸಾಮಾನ್ಯವಾಗಿ ರಿಟರ್ನ್‌ನ ಮೂಲ ಗಡುವಿನಿಂದ ನಾಲ್ಕು ವರ್ಷ, ಅಥವಾ ದುಡ್ಡು ಕಟ್ಟಿ ಒಂದು ವರ್ಷ, ಯಾವುದು ಆಮೇಲೆ ಬರುತ್ತದೋ ಅದು. ಅಂದಾಜಿನ ಬಾಕಿಯನ್ನು ಎರಡು ಮೂರು ವರ್ಷ ಕಟ್ಟಿದ ಮೇಲೆ ಎಚ್ಚೆತ್ತರೆ ಹಳೆಯ ದುಡ್ಡು ಸಿಗದೇ ಹೋಗಬಹುದು.

ಬಾಕಿ ನಿಜವೇ ಆಗಿದ್ದರೆ

ರಿಟರ್ನ್ ಹಾಕಿದ್ದೀರಿ, ಲೆಕ್ಕ ಸರಿ ಇದೆ, ದುಡ್ಡು ಇರಲಿಲ್ಲ. ನನ್ನ ಸ್ನೇಹಿತೆಯೊಬ್ಬಳಿಗೆ ಹೀಗಾಗಿತ್ತು, ಗಂಡನ ಕೆಲಸ ಹೋಗಿತ್ತು. ಆಗ ಮೂರು ದಾರಿ.

ಪೂರ್ತಿ ಕಟ್ಟಲು ಎಲ್ಲಿಂದಾದರೂ ಹೊಂದಿಸಲು ಆದರೆ ಅದು ಎಲ್ಲಕ್ಕಿಂತ ಬೇಗ ಮುಗಿಯುವ ದಾರಿ. ಆಗದಿದ್ದರೆ ಕಂತು. ಬಾಕಿ 25,000 ಡಾಲರ್‌ಗಿಂತ ಜಾಸ್ತಿ ಇಲ್ಲದಿದ್ದರೆ, 60 ತಿಂಗಳ ಒಳಗೆ ತೀರಿಸುವ ಹಾಗಿದ್ದರೆ, ಹಿಂದಿನ ಐದು ವರ್ಷದ ರಿಟರ್ನ್ ಎಲ್ಲ ಹಾಕಿದ್ದರೆ ಕಂತಿಗೆ ಅರ್ಜಿ ಹಾಕಬಹುದು. ಫಾರ್ಮ್ 3567. ಶುಲ್ಕ 34 ಡಾಲರ್, ಬಾಕಿಗೆ ಸೇರಿಸುತ್ತಾರೆ. ಆದರೆ ಸಂಬಳದ ಆದೇಶ ಆಗಲೇ ಜಾರಿಯಲ್ಲಿದ್ದರೆ ಫೋನ್‌ನಲ್ಲೇ ಮಾತಾಡಿ. ಕಂತು ಒಪ್ಪಿದರೆ ಆದೇಶ ತೆಗೆಯುತ್ತೀರಾ ಅಂತ ನೇರವಾಗಿ ಕೇಳಿ. ಒಪ್ಪಿದ್ದು ಬರಹದಲ್ಲಿ ಬರುವವರೆಗೆ ನಿಂತಿತು ಅಂದುಕೊಳ್ಳಬೇಡಿ.

ಕಂತೂ ಭಾರವೇ ಆದರೆ ಕಷ್ಟದ ವಿವರ ಕೊಟ್ಟು 25% ಅನ್ನು ಕಡಿಮೆ ಮಾಡಿ ಅಂತ ಕೇಳಿ. ಇದಕ್ಕೆ ಅಳು ಬೇಡ, ಕಾಗದ ಬೇಕು. ಆದಾಯ ಖರ್ಚಿನ ಹೇಳಿಕೆಗೆ 3561 ಅನ್ನುವ ಫಾರ್ಮ್ ಇದೆ. ಬಾಡಿಗೆ ಕರಾರು, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆ ಬಿಲ್, ಡೇಕೇರ್ ರಸೀದಿ ಇಟ್ಟುಕೊಂಡು ಕರೆ ಮಾಡಿ. ನನ್ನ ಸ್ನೇಹಿತೆ ಮಗಳ ಡೇಕೇರ್ ಬಿಲ್, ಗಂಡನ ಲೇ-ಆಫ್ ಪತ್ರ ಕಳಿಸಿದಳು. ಅವಳ ಕಡಿತ ಅರ್ಧ ಆಯಿತು. ಊರಿಗೆ ಕಳಿಸುವ ದುಡ್ಡನ್ನು ಅನಿವಾರ್ಯ ಖರ್ಚು ಅಂತ ಒಪ್ಪಿಸುವುದು ಕಷ್ಟ. ಅಮ್ಮನ ಔಷಧಿ ನಮಗೆ ಎಷ್ಟೇ ಅನಿವಾರ್ಯವಾದರೂ, ಅದರ ಮೇಲೆ ಲೆಕ್ಕ ನಿಲ್ಲಿಸಬೇಡಿ.

ಮುಂದೆ ಎಂದೂ ಕಟ್ಟಲು ಆಗುವುದಿಲ್ಲ ಅನ್ನುವ ಪರಿಸ್ಥಿತಿ ಇದ್ದರೆ ಕಡಿಮೆ ಮೊತ್ತಕ್ಕೆ ಬಾಕಿ ಮುಗಿಸಿಕೊಳ್ಳುವ ಆಫರ್ ಇನ್ ಕಾಂಪ್ರಮೈಸ್ ಅಂತ ಇದೆ. ಒಳ್ಳೆ ಸಂಬಳ, ಚಿಕ್ಕ ವಯಸ್ಸು ಇರುವ ನಮ್ಮಂಥವರಿಗೆ ಅದು ಸಿಗುವುದು ಅಪರೂಪ. "ಬಾಕಿಯನ್ನು ಕಾಲು ಭಾಗಕ್ಕೆ ಇಳಿಸಿಕೊಡುತ್ತೇವೆ" ಅಂತ ರೇಡಿಯೊದಲ್ಲಿ ಕೂಗುವವರಿಗೆ ಮುಂಗಡ ದುಡ್ಡು ಕೊಡಬೇಡಿ. ಪರಿಣತರ ಸಹಾಯ ಬೇಕಾದರೆ ಸಿಪಿಎ (ಲೆಕ್ಕ ಪರಿಣತರು) ಅಥವಾ ಎನ್ರೋಲ್ಡ್ ಏಜೆಂಟ್ (ಐಆರ್‌ಎಸ್ ಪರವಾನಗಿ ಇರುವ ತೆರಿಗೆ ಪರಿಣತರು) ಹತ್ತಿರ ಹೋಗಿ. ಅವರು ನಿಮ್ಮ ಪರವಾಗಿ ಮಾತಾಡಲು 3520 ಪಿಐಟಿ ಅನ್ನುವ ಅಧಿಕಾರ ಪತ್ರ ಬೇಕು. ಎಲ್ಲ ಮಾಡಿಯೂ ಗಂಟು ಬಿಡದಿದ್ದರೆ ಎಫ್‌ಟಿಬಿಯೊಳಗೇ ಟ್ಯಾಕ್ಸ್‌ಪೇಯರ್ಸ್ ರೈಟ್ಸ್ ಅಡ್ವೊಕೇಟ್ ಅನ್ನುವ ಕಚೇರಿ ಇದೆ. ಅಲ್ಲಿಗೆ ಬರೆಯಿರಿ.

ದಂಡ ಮನ್ನಾ? "ಗೊತ್ತಿರಲಿಲ್ಲ" ಅನ್ನುವುದು ಸಾಕಾಗುವುದಿಲ್ಲ. ಆಸ್ಪತ್ರೆ ಸೇರಿದ್ದು, ಮನೆಯಲ್ಲಿ ಸಾವು, ಇಂಥ ಕಾರಣಕ್ಕೆ ದಾಖಲೆ ಸಮೇತ ಕೇಳಬಹುದು. 2022ನೇ ತೆರಿಗೆ ವರ್ಷದಿಂದ ಈಚೆಗೆ, ಹಿಂದೆಲ್ಲ ಸರಿಯಾಗಿ ನಡೆದುಕೊಂಡವರಿಗೆ ಒಂದೇ ಒಂದು ಸಲ ತಡದ ದಂಡ ಮನ್ನಾ ಮಾಡುವ ಅವಕಾಶ ಬಂದಿದೆ. ನನ್ನದು 2018, ಹಾಗಾಗಿ ಸಿಗಲಿಲ್ಲ. ನಿಮ್ಮದು ಆಮೇಲಿನ ವರ್ಷ ಆಗಿದ್ದರೆ ಖಂಡಿತ ಕೇಳಿ.

ನನ್ನನ್ನು ಜನ ಕೇಳುವ ಬೇರೆ ಮಾತುಗಳು

ವೀಸಾಗೆ, ಗ್ರೀನ್ ಕಾರ್ಡ್‌ಗೆ ತೊಂದರೆನಾ? ಸಂಬಳ ಹಿಡಿಯುವುದು ಸಾಲ ವಸೂಲಿಯ ಕ್ರಮ, ಅಪರಾಧದ ಕೇಸ್ ಅಲ್ಲ. ಆದರೆ ಪೌರತ್ವದ ಎನ್-400 ಅರ್ಜಿಯಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ತೆರಿಗೆ ಬಾಕಿ ಇದೆಯಾ ಅಂತ ಪ್ರಶ್ನೆ ಇದೆ. ತೀರಿಸಿದ ದಾಖಲೆ ಕೈಲಿದ್ದರೆ ಧೈರ್ಯವಾಗಿ ಉತ್ತರ ಕೊಡಬಹುದು. ಅರ್ಜಿ ಹಾಕುವ ಮುಂಚೆ ಇಮಿಗ್ರೇಶನ್ ವಕೀಲರಿಗೆ ಈ ವಿಷಯ ಹೇಳಿ, ಮುಚ್ಚಿಡಬೇಡಿ.

ಊರಿಗೆ ವಾಪಸ್ ಹೋದರೆ? ಬಾಕಿ ಇಲ್ಲೇ ಕಾದಿರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ವಸೂಲಿ ಮಾಡಲು ಸಾಮಾನ್ಯವಾಗಿ 20 ವರ್ಷ ಕಾಲಾವಕಾಶ ಇದೆ, ಬಡ್ಡಿ ಬೆಳೆಯುತ್ತಿರುತ್ತದೆ. ಕೇಂದ್ರ ರಿಟರ್ನ್‌ನಲ್ಲಿ ಕ್ಯಾಲಿಫೋರ್ನಿಯಾದ ವಿಳಾಸ ಇದ್ದರೆ, ಕೇಂದ್ರದಿಂದ ಬರಬೇಕಾದ ರಿಫಂಡ್ ಕೂಡ ಈ ಬಾಕಿಗೆ ಹೋಗಬಹುದು.

ಬೇರೆ ರಾಜ್ಯದಲ್ಲಿ ಇರುವವರು ಇದೇ ಲೆಕ್ಕ ಹಿಡಿಯಬೇಡಿ. ನ್ಯೂಯಾರ್ಕ್‌ನಲ್ಲಿ ಇದನ್ನು ಇನ್‌ಕಮ್ ಎಕ್ಸಿಕ್ಯೂಶನ್ ಅನ್ನುತ್ತಾರೆ. ಒಟ್ಟು ಸಂಬಳದ 10%ವರೆಗೆ. ಅಲ್ಲಿ ಕಾಗದ ಮೊದಲು ನಿಮಗೇ ಬರುತ್ತದೆ, ನೀವಾಗಿ ಕಟ್ಟಲು 20 ದಿನ ಸಿಗುತ್ತದೆ, ಆಮೇಲೆ ಕಂಪನಿಗೆ ಹೋಗುತ್ತದೆ. ಆದರೆ "ಯಾವ ವರ್ಷ, ರಿಟರ್ನ್ ಇದೆಯಾ, ಅಂದಾಜಾ" ಅನ್ನುವ ಪ್ರಶ್ನೆ ಎಲ್ಲ ಕಡೆಗೂ ಒಂದೇ.

ಕಡಿತ ನಿಂತ ಮೇಲೆ ಇನ್ನೂ ಸ್ವಲ್ಪ ಕೆಲಸ ಬಾಕಿ ಇರುತ್ತದೆ. ಮುಂದಿನ ಎರಡು ಪೇಸ್ಟಬ್ ಸಾಲು ಸಾಲಾಗಿ ಓದಿ. ಮೈಎಫ್‌ಟಿಬಿ ಖಾತೆ ತೆರೆದು ಎಲ್ಲ ವರ್ಷಗಳ ಬಾಕಿ ನೋಡಿ, ಬರೀ ಒಂದು ವರ್ಷದ್ದಲ್ಲ. ನಿಲ್ಲಿಸಿದ್ದ 401ಕೆ ಮತ್ತೆ ಶುರು ಮಾಡಿ, ನಾನು ಅದನ್ನು ನಾಲ್ಕು ತಿಂಗಳು ಮರೆತಿದ್ದೆ. ಮನೆ ಬದಲಾಯಿಸಿದ ವಾರವೇ ವಿಳಾಸ ಬದಲಾವಣೆಯ 3533 ಫಾರ್ಮ್ ಹಾಕಿ. ಅಂಚೆ ಕಚೇರಿಗೆ ತಿಳಿಸಿದ್ದು ಸಾಕು ಅಂತ ಬಿಡಬೇಡಿ. ನಾನು ಆಮೇಲೆ ಒಂದು ಸಲ ಮನೆ ಬದಲಾಯಿಸಿದೆ, ಫ್ರೀಮಾಂಟ್‌ನಿಂದ ನ್ಯೂಆರ್ಕ್‌ಗೆ, ಹತ್ತು ನಿಮಿಷದ ದಾರಿ. ಹಾಲಿನವರಿಗೆ, ಮಗನ ಶಾಲೆಗೆ ಹೇಳುವ ಮೊದಲು ಆ ಫಾರ್ಮ್ ಅಂಚೆಗೆ ಹಾಕಿದೆ. ಬಿಡುಗಡೆ ಪತ್ರ, ಫ್ಯಾಕ್ಸ್ ರಸೀದಿ, ಫೋನ್ ಮಾತು ಬರೆದಿಟ್ಟ ಹಾಳೆ, ಮೂರೂ ಅದೇ ನೀಲಿ ಫೈಲಿನಲ್ಲಿ ಲಸಿಕೆ ಕಾರ್ಡ್‌ನ ಹಿಂದೆ ಇವೆ.